ಸಹಾಯ ಬೇಕು: ಗುಡುಗು ಮೋಡ ಗಾಳಿಯನ್ನು ಎಳೆಯುತ್ತದಾ, ಗಾಳಿ ಮೋಡವನ್ನಾ?

ನಮಸ್ಕಾರ. ಹವಾಮಾನ ವಿಜ್ಞಾನವನ್ನು ಸುಮ್ನೆ ಆಸಕ್ತಿಗೆ ಓದುತ್ತಿದ್ದೇನೆ. ಹ್ಯಾಡ್ಲಿ ಚಲನೆಯ (ಸಮಭಾಜಕ ಮತ್ತು ಉಪೋಷ್ಣ ವಲಯದ ನಡುವೆ ಗಾಳಿಯ ದೊಡ್ಡ ಸುತ್ತು) ಚಿತ್ರ ಬರೆಯಲು ಕೂತು, ಒಂದೇ ಬಾಣವನ್ನು ಮೂರು ಸಲ ಅಳಿಸಿದೆ.

ಸಮಭಾಜಕದ ಹತ್ತಿರ ಗಾಳಿ ಏರುತ್ತದೆ, ಸುಮಾರು 30 ಡಿಗ್ರಿ ಅಕ್ಷಾಂಶದ ಬಳಿ ಇಳಿಯುತ್ತದೆ. ಅದು ಸರಿ. ಆದರೆ ಚಿತ್ರದಲ್ಲಿ ತೋರಿಸುವ ಹಾಗೆ ಸಮಭಾಜಕದ ಸುತ್ತಲಿನ ಇಡೀ ಪಟ್ಟಿಯ ಗಾಳಿ ಒಟ್ಟಿಗೆ ಮೆಲ್ಲಗೆ ಏರುವುದಿಲ್ಲ, ಅಲ್ವಾ? ವಾತಾವರಣದ ನಡುಮಟ್ಟದಲ್ಲಿ ಶಕ್ತಿ ಕಡಿಮೆ ಇರುವ ಪದರ ಇದೆ. ಮೆಲ್ಲಗೆ ಏರಿದರೆ ಮೇಲಿನ ಶಕ್ತಿಯ ಲೆಕ್ಕ ಕೂಡುವುದಿಲ್ಲ. ಹಾಗಾಗಿ ಕಿರಿದಾದ, ಎತ್ತರದ ಗುಡುಗು ಮೋಡಗಳೇ ಕೊಳವೆಯ ಹಾಗೆ ಶಕ್ತಿಯನ್ನು ಮೇಲಕ್ಕೆ ಒಯ್ಯಬೇಕು ಎಂದು 1958ರಲ್ಲಿ ಹವಾಮಾನ ವಿಜ್ಞಾನಿಗಳಾದ ಹರ್ಬರ್ಟ್ ರೀಲ್ ಮತ್ತು ಜೋಆನ್ ಮಾಲ್ಕಸ್ ವಾದಿಸಿದರು. ಆ ಮೋಡಗಳಲ್ಲಿ ಒಂದು ಕೆಜಿ ಆವಿ ನೀರಾದರೆ ಸುಮಾರು 25 ಲಕ್ಷ ಜೂಲ್ ಶಾಖ ಹೊರಬರುತ್ತದೆ. 6 ಕೆಜಿ ನೀರನ್ನು ಸೊನ್ನೆ ಡಿಗ್ರಿಯಿಂದ 100 ಡಿಗ್ರಿಗೆ ತರುವಷ್ಟು! (ಲೆಕ್ಕ ಹಾಕಿದಾಗ ನಾನೇ ಬೆಚ್ಚಿಬಿದ್ದೆ.)

ಈಗ ನನ್ನ ತೊಡಕು. ಭೂಮಿ ಒಂದು ಡಿಗ್ರಿ ಬಿಸಿಯಾದರೆ ಗಾಳಿಯಲ್ಲಿ ಆವಿ ಸುಮಾರು 7% ಹೆಚ್ಚುತ್ತದೆ. ಜಗತ್ತಿನ ಒಟ್ಟು ಮಳೆ ಮಾತ್ರ 2ರಿಂದ 3% ಅಷ್ಟೇ. ಏರುವ ಪ್ರತಿ ಕೆಜಿ ಗಾಳಿ 7% ಹೆಚ್ಚು ಆವಿ ಒಯ್ದರೂ ಮಳೆ ಅಷ್ಟು ಹೆಚ್ಚದಿದ್ದರೆ, ಮೇಲೇರುವ ಗಾಳಿಯ ಪ್ರಮಾಣವೇ ತಗ್ಗಬೇಕು. ಶಾಖ ಜಾಸ್ತಿ, ಚಲನೆ ಕಮ್ಮಿ? ತಲೆಗೆ ಹತ್ತುತ್ತಿಲ್ಲ. ಮೋಡಗಳ ನಡುವೆ ಇಳಿಯುವ ಗಾಳಿ ವಿಕಿರಣದಿಂದ (ಶಾಖವನ್ನು ಹೊರಸೂಸಿ) ಎಷ್ಟು ತಣಿಯುತ್ತದೆ ಎನ್ನುವುದೇ ಇಲ್ಲಿ ಕಡಿವಾಣವಾ? ಗಣಿತ ಸ್ವಲ್ಪ ಇದ್ದರೂ ಪರವಾಗಿಲ್ಲ, ಬಿಡಿಸಿ ಹೇಳುವವರು ಯಾರಾದರೂ ಇದ್ದೀರಾ?