ಸಹಾಯ ಬೇಕು: ಅಂಬಾಸಿಡರ್ ಮುಂದಿನ ಸೀಟಿಗೆ ಕುಶನ್ ಕೆಲಸ

ಎಲ್ಲರಿಗೂ ನಮಸ್ಕಾರ. ಅಪ್ಪ ತಗೊಂಡಿದ್ದ 1986ರ ಅಂಬಾಸಿಡರ್ ಮಾರ್ಕ್ 4 ಇನ್ನೂ ನಮ್ಮ ಹಾಸನದ ಮನೇಲಿದೆ. ಗೇರು ಸ್ಟೀರಿಂಗ್ ಪಕ್ಕದಲ್ಲೇ ಇರೋದ್ರಿಂದ ಮುಂದೆ ಒಂದೇ ಉದ್ದನೆ ಸೀಟು. ಡ್ರೈವರ್ ಕೂರೋ ಕಡೆ ಪೂರ್ತಿ ಕುಸಿದುಹೋಗಿದೆ. ಅಮ್ಮ ಪಕ್ಕದಲ್ಲಿ ಕೂತ್ರೆ ತಿರುವಿನಲ್ಲಿ ನನ್ನ ಕಡೆಗೇ ಜಾರಿ ಬರ್ತಾರೆ!

ಮೊನ್ನೆ ರೆಕ್ಸಿನ್ ಬಿಚ್ಚಿ ನೋಡಿದೆ. ಒಳಗಿನ ನಾರು ಪುಡಿಪುಡಿ, ಸ್ಪ್ರಿಂಗ್ ಮೇಲಿನ ಗೋಣಿಬಟ್ಟೆ ಹರಿದಿದೆ, ಮೂರು ಸ್ಪ್ರಿಂಗ್ ಫ್ರೇಮಿನಿಂದ ಕಿತ್ತು ಬಂದಿವೆ. ಫ್ರೇಮಿಗೆ ತುಕ್ಕು ಇದೆ, ಆದ್ರೆ ಗಟ್ಟಿಯಾಗಿದೆ.

ಇಲ್ಲಿನ ಕುಶನ್ ಅಂಗಡಿಯವರು ಸ್ಪ್ರಿಂಗ್ ಎಲ್ಲಾ ತೆಗೆದು ಬರೀ ಫೋಮ್ ತುಂಬಿಕೊಡ್ತೀನಿ ಅಂತಾರೆ. ನನಗ್ಯಾಕೋ ಮನಸ್ಸಿಲ್ಲ. ಆ ಹಳೇ ತೂಗಾಟ ಹೋದ್ಮೇಲೆ ಅಂಬಾಸಿಡರ್ ಯಾಕೆ ಇಟ್ಕೋಬೇಕು? ಸ್ಪ್ರಿಂಗ್ ಉಳಿಸಿ, ಹೊಸ ಗೋಣಿ ಹಾಕಿ, ಮೇಲೆ ತೆಳು ಫೋಮ್ ಕೊಟ್ರೆ ಸಾಕಾಗುತ್ತಾ? ಎಷ್ಟು ಇಂಚಿನದು ಹಾಕಿಸ್ಲಿ? ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈಗಲೂ ಸ್ಪ್ರಿಂಗ್ ಕಟ್ಟಿ ಕೊಡೋರು ಇದಾರಾ, ಅಥವಾ ಮೈಸೂರು ಕಡೆ ಯಾರಾದ್ರೂ? ಮಾಡಿಸಿದವ್ರು ಖರ್ಚು ಎಷ್ಟಾಯ್ತು ಅಂತಾನೂ ಹೇಳಿ. ಹಳೇ ರೆಕ್ಸಿನ್ ಎಸೆದಿಲ್ಲ, ಅಳತೆಗೆ ಬೇಕಾಗುತ್ತೆ ಅಂತ ಸುತ್ತಿ ಇಟ್ಟಿದೀನಿ.