ಹರ್ಲಿಂಗ್‌ನ ‘ಪಾಯಿಂಟ್’ ಅಂದರೆ ‘ಅಂಕ’ವೇ?

ಗೆಳೆಯರೇ,

ಐರ್ಲೆಂಡಿನ ಹರ್ಲಿಂಗ್ ಆಟಗಾರ ಹೆನ್ರಿ ಶೆಫ್ಲಿನ್ ಬಗ್ಗೆ ಬರೆಯಲು ಕೂತಿದ್ದೇನೆ. ಒಂದು ಪದ ಕೈಕೊಟ್ಟಿದೆ.

ಆಟ ನೋಡದವರಿಗೆ ಎರಡು ಮಾತು. ತುದಿ ಅಗಲವಾದ ಮರದ ಕೋಲು, ಸಣ್ಣ ಚರ್ಮದ ಚೆಂಡು, ತಂಡಕ್ಕೆ 15 ಜನ. ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅದರ ಬೆಲೆ 3. ಪಟ್ಟಿಯ ಮೇಲಿಂದ ಕಂಬಗಳ ನಡುವೆ ಹಾರಿದರೆ ‘ಪಾಯಿಂಟ್’, ಬೆಲೆ 1. ಸ್ಕೋರಿನಲ್ಲಿ ಎರಡನ್ನೂ ಕೂಡಿಸದೆ ಬೇರೆಬೇರೆಯಾಗಿಯೇ ಬರೆಯುತ್ತಾರೆ.

ಕಿಲ್ಕೆನಿ ಕೌಂಟಿ (ಜಿಲ್ಲೆ) ತಂಡದ ಪರವಾಗಿ ಚಾಂಪಿಯನ್‌ಶಿಪ್ ಪಂದ್ಯಗಳಲ್ಲಿ ಶೆಫ್ಲಿನ್ ಗಳಿಕೆ 27-484. ನಾನು ‘27 ಗೋಲು, 484 ಅಂಕ’ ಎಂದು ಬರೆದೆ. ಓದಿದ ತಮ್ಮ, “ಗೋಲೂ ಸೇರಿ 484 ಅಲ್ವಾ?” ಅಂದ. ಅಲ್ಲ! ಗೋಲಿನ 81 ಸೇರಿದರೆ 565. ತಪ್ಪು ಅವನದಲ್ಲ. ‘ಅಂಕ’ ಅಂದರೆ ನಮಗೆ ಒಟ್ಟು ಲೆಕ್ಕ, ಹೊಡೆತದ ಹೆಸರಲ್ಲ. ಕ್ರಿಕೆಟ್‌ನಲ್ಲಿ ಈ ಪೇಚಿಲ್ಲ: ಹೊಡೆತ ಬೌಂಡರಿ, ಲೆಕ್ಕ ರನ್.

2012ರ ಆಲ್-ಐರ್ಲೆಂಡ್ (ಅದೇ ಚಾಂಪಿಯನ್‌ಶಿಪ್‌ನ) ಫೈನಲ್‌ನಲ್ಲಂತೂ ಕತೆಯೇ ಕೆಡುತ್ತದೆ. ಗಾಲ್ವೇ ಎದುರು ಆಟ ಮುಗಿಯುತ್ತಾ ಬಂದಾಗ ಸ್ಕೋರು ಸಮ, ಶೆಫ್ಲಿನ್‌ಗೆ ಪೆನಾಲ್ಟಿ. ಬಲೆಗೆ ಬಾರಿಸದೆ ಪಟ್ಟಿಯ ಮೇಲೆ ಎತ್ತಿಬಿಟ್ಟರು. ‘ಪೆನಾಲ್ಟಿಯಲ್ಲಿ ಒಂದು ಅಂಕ ಗಳಿಸಿದರು’ ಎಂದು ಬರೆದರೆ, ಫುಟ್‌ಬಾಲ್ ನೋಡುವವನು ಗೋಲು ಹೊಡೆದರು ಅಂದುಕೊಳ್ಳುತ್ತಾನೆ. ಮೂರು ಬಿಟ್ಟು ಒಂದನ್ನು ಆರಿಸಿಕೊಂಡದ್ದೇ ಅಲ್ಲಿನ ಸ್ವಾರಸ್ಯ! ಕೊನೆಗೆ ಗಾಲ್ವೇಯ ಜೋ ಕ್ಯಾನಿಂಗ್ ಸಮ ಮಾಡಿದರು: ಕಿಲ್ಕೆನಿ 0-19, ಗಾಲ್ವೇ 2-13, ಎರಡೂ ಕೂಡಿದರೆ 19. ಮರುಪಂದ್ಯ ಕಿಲ್ಕೆನಿ ಗೆದ್ದಿತು. 2015ರಲ್ಲಿ ನಿವೃತ್ತರಾದಾಗ ಶೆಫ್ಲಿನ್ ಬಳಿ ಆಲ್-ಐರ್ಲೆಂಡ್ ಗೆದ್ದ 10 ಪದಕಗಳಿದ್ದವು. ಸಂಬಳವಿಲ್ಲದ ಹವ್ಯಾಸಿ ಆಟದಲ್ಲಿ, ಮೊಣಕಾಲಿನ ಪೆಟ್ಟು ದಾಟಿಕೊಂಡು.

ಹೊಡೆತಕ್ಕೆ ‘ಪಾಯಿಂಟ್’, ಒಟ್ಟು ಲೆಕ್ಕಕ್ಕೆ ‘ಅಂಕ’ ಎಂದು ಹಂಚಿಬಿಡೋಣವೇ? ಕಬಡ್ಡಿ ನೋಡುವವರಿಗೆ ಎರಡೂ ಒಂದೇ, ಅದೇ ಅಳುಕು. ‘ಮೇಲ್ಗೋಲು’ ಎಂದು ನಾನೇ ಕಟ್ಟಿ ನೋಡಿದೆ. ಆದರೆ ಅದು ಗೋಲಿಗಿಂತ ದೊಡ್ಡದು ಅನ್ನಿಸಿಬಿಡುತ್ತದೆ. ‘ಮೇಲೆತ್ತು’ ಹೇಗೆ? ‘27 ಗೋಲು, 484 ಮೇಲೆತ್ತು’. ಕಿವಿಗೆ ಒಗ್ಗುತ್ತದೆಯೇ, ಸುಮ್ನೆ ಹಟ ಅನ್ನಿಸುತ್ತದೆಯೇ?

ಹಾಗೆಯೇ ಇನ್ನೊಂದು: ಆಟಗಾರನಿಗೆ ‘ದಾಂಡಿಗ’ ಅನ್ನಬಹುದಿತ್ತು, ಕೈಯಲ್ಲಿ ದಾಂಡಂತೂ ಇದೆ. ಆದರೆ ಪತ್ರಿಕೆಗಳು ಆ ಪದವನ್ನು ಆಗಲೇ ಕ್ರಿಕೆಟ್‌ಗೆ ಕೊಟ್ಟುಬಿಟ್ಟಿವೆ. ಅದಕ್ಕೆ ‘ಹರ್ಲಿಂಗ್ ಆಟಗಾರ’ ಎಂದೇ ಬಿಟ್ಟಿದ್ದೇನೆ.