ಸಹಾಯ ಬೇಕು: ಈ ಸಬ್‌ಕ್ಲಾಸ್ ಶಕ್ತಿ ಜಾಸ್ತಿ ಆಯ್ತಾ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ ಪಾತ್ರ ವಹಿಸಿ ಆಡುವ ಆಟದ 2014ರ ನಿಯಮಕ್ಕೆ ಹೊಂದುವ ಫೈಟರ್ (ಯೋಧ) ಸಬ್‌ಕ್ಲಾಸ್, ಅಂದರೆ ಉಪವರ್ಗ, ಒಂದನ್ನು ಬರೆಯುತ್ತಿದ್ದೇನೆ. 3ನೇ ಲೆವೆಲ್‌ನಲ್ಲಿ, 30 ಅಡಿಯೊಳಗಿನ ಜೊತೆಗಾರನಿಗೆ ಏಟು ಬಿದ್ದರೆ ರಿಯಾಕ್ಷನ್ (ಬೇರೆಯವರ ಸರದಿಯಲ್ಲೂ ಕೊಡಬಹುದಾದ ತಕ್ಷಣದ ಪ್ರತಿಕ್ರಿಯೆ) ಬಳಸಿ ಡಿ10ರಷ್ಟು (ಹತ್ತು ಮುಖದ ದಾಳದಲ್ಲಿ ಬಿದ್ದಷ್ಟು) ಡ್ಯಾಮೇಜ್ ಕಡಿಮೆ ಮಾಡಬಹುದು. ಎಷ್ಟು ಸಲ ಬೇಕಾದರೂ.

ಇರುವ ಶಕ್ತಿಗಳ ಜೊತೆ ತಾಳೆ ನೋಡಿದೆ, ಗೊಂದಲ ಇನ್ನೂ ಹೆಚ್ಚಾಯಿತು. ಬ್ಯಾಟಲ್ ಮಾಸ್ಟರ್ ಎಂಬ ಫೈಟರ್ ಸಬ್‌ಕ್ಲಾಸ್‌ನ ಪ್ಯಾರಿ ಎಂಬ ಏಟು ತಗ್ಗಿಸುವ ತಂತ್ರ ತನ್ನ ಮೈಮೇಲೆ ಬಿದ್ದ ಏಟಿಗೆ ಮಾತ್ರ. ಅದಕ್ಕೂ, ಇಂಥ ತಂತ್ರಗಳಿಗೆಂದೇ ಇರುವ 4 ದಾಳಗಳಲ್ಲಿ ಒಂದು ಖರ್ಚು. ಜೊತೆಗಾರನಿಗೆ ಬಿದ್ದ ಏಟು ತಗ್ಗಿಸುವ ಇಂಟರ್ಸೆಪ್ಷನ್ ಫೈಟಿಂಗ್ ಸ್ಟೈಲ್ ನೋಡಿದರೆ ಪುಕ್ಕಟೆ, ಮಿತಿಯೇ ಇಲ್ಲ! ಆದರೆ 5 ಅಡಿಯೊಳಗೆ ಇರಬೇಕು. ಹಾಗಾದರೆ ದೂರಕ್ಕೆ ಎಷ್ಟು ಬೆಲೆ ಕಟ್ಟುವುದು?

ಲಾಂಗ್ ರೆಸ್ಟ್‌ಗೆ (ಪಾತ್ರಗಳ ಪೂರ್ಣ ವಿಶ್ರಾಂತಿ) ಪ್ರೊಫಿಷಿಯನ್ಸಿ ಬೋನಸ್‌ನಷ್ಟು (ಲೆವೆಲ್ ಜೊತೆ ಏರುವ ಅಂಕ) ಸಲ ಎಂದು ಮಿತಿ ಹಾಕಿ ಆಡಿಸಿದೆ. ಆ ಲೆವೆಲ್‌ನಲ್ಲಿ ಅದು 2 ಅಷ್ಟೇ. ಮೊದಲ ಕಾಳಗಕ್ಕೇ ಖಾಲಿ, ಆಮೇಲೆ ಸಬ್‌ಕ್ಲಾಸ್ ಇದ್ದೂ ಇಲ್ಲದಂತೆ.

ಮಿತಿ ತೆಗೆದು ದೂರವನ್ನು 10 ಅಡಿಗೆ ಇಳಿಸಲೋ, 30 ಅಡಿ ಉಳಿಸಿ, ಖರ್ಚಾದ ಸಲಗಳು ಶಾರ್ಟ್ ರೆಸ್ಟ್‌ಗೆ (ನಡುವಿನ ಚಿಕ್ಕ ವಿಶ್ರಾಂತಿ) ಮರಳುವಂತೆ ಮಾಡಲೋ? ಆಡಿಸಿ ಅನುಭವ ಇರುವವರು ಕಾರಣ ಸಮೇತ ಹೇಳಿ.